ಬಡ್ಡಿ ಬಂದ ದಾರಿ

ಬೆಳಗಾವಿಯಿಂದ ಖಾನಾಪುರ, ಲೋಂಡಾಗಳನ್ನು ದಾಟಿ ಕ್ಯಾಸಲ್ ರಾಕಿನವರೆಗೆ ರೈಲಿನಲ್ಲಿ ಪ್ರಯಾಣ ಮಾಡದವರು ನನ್ನ ವಿದ್ಯಾರ್ಥಿ ಬಳಗದಲ್ಲಿ ಬಹುಶಃ ಯಾರೂ ಇರಲಾರರು. ಟಿಳಕವಾಡಿಯ ರೈಲ್ವೆ ಗೇಟುಗಳಲ್ಲಿ ಸೈಕಲ್ಲು ಹಿಡಿದು ಕಾದವರಂತೂ ನೂರಾರು ಮಂದಿ. ಶಾಲೆಗೆ ತಡವಾಗಿ ಬಂದವರ ಪೈಕಿ ಅರ್ಧದಷ್ಟು ಜನ ಆ ಗೇಟಿನ ಮೇಲೆಯೇ ಅಪರಾಧ ಹೊರಿಸುತ್ತಿದ್ದರು. ಆ ಹಳಿ ಸರಕಾರದ್ದು ಎಂದೇ ನಾವೆಲ್ಲ ತಿಳಿದು ಬೆಳೆದೆವು. ಆದರೆ ಅದನ್ನು ಹಾಕಿ ನಡೆಸಿದ್ದು ಲಂಡನ್ನಿನಲ್ಲಿ ಷೇರು ಮಾರಿ ಹಣ ಕೂಡಿಸಿದ ಕಂಪನಿಗಳು. ನಮಗೆ ದಾರಿಯಾಗಿ ಕಂಡದ್ದು ಅಲ್ಲಿಯ ನಿವೃತ್ತ ಅಧಿಕಾರಿಗಳಿಗೆ, ವಿಧವೆಯರಿಗೆ, ಪಾದ್ರಿಗಳಿಗೆ ಆರು ತಿಂಗಳಿಗೊಮ್ಮೆ ಕೈಸೇರುವ ಬಡ್ಡಿಯಾಗಿ ಕಂಡಿತ್ತು.

ಈ ಸಂಗತಿಯನ್ನು ಈಗ ಬರೆಯಲು ಒಂದು ನಿಮಿತ್ತವಿದೆ. ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳು ಅಕ್ಕ ತಮ್ಮಂದಿರು. ಅಕ್ಕ ಬೆಳಗಾವಿಯಲ್ಲಿ ನೌಕರಿ ಮಾಡಿ ನಿವೃತ್ತಳಾದವಳು, ತಮ್ಮ ಖಾನಾಪುರದಲ್ಲಿ ಹಂಚು ಇಟ್ಟಿಗೆಗಳ ವ್ಯಾಪಾರ ಮಾಡುವವನು. ಹೆದ್ದಾರಿ ಅಗಲ ಮಾಡುವಾಗ ಅವರ ತಂದೆಯ ಹೊಲದ ಒಂದು ಪಟ್ಟಿ ರಸ್ತೆಗೆ ಹೋಯಿತು. ಬಂದ ಪರಿಹಾರದ ಹಣವನ್ನು ತಂದೆಯ ಕಾಲಾನಂತರ ಇಬ್ಬರೂ ಒಡೆಯದೆ ಜಂಟಿಯಾಗಿಯೇ ಇಟ್ಟರು. ಅದರ ಬಹುಭಾಗವನ್ನು ರಸ್ತೆ ಕಟ್ಟಿ ಟೋಲ್ ವಸೂಲಿ ಮಾಡುವ ಒಂದು ಸಂಸ್ಥೆಯಲ್ಲಿ ತೊಡಗಿಸಿದರು. ವರ್ಷಕ್ಕೆ ಬ್ಯಾಂಕಿನ ಬಡ್ಡಿಗಿಂತ ಹೆಚ್ಚಿನ ಹಣ ತಪ್ಪದೆ ಬರುತ್ತಿದೆ. ಆದರೆ ಮಾರುಕಟ್ಟೆಯಲ್ಲಿ ಅದರ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಅಕ್ಕ ಮಾರಿಬಿಡೋಣ ಎನ್ನುತ್ತಾಳೆ. ತಮ್ಮ ಒಪ್ಪುವುದಿಲ್ಲ.

“ಸರ್, ಬೆಲೆ ಇಳದರ ಇಳೀಲಿ, ನಾವೇನ್ ಮಾರಾಕ ಹೊಂಟೇವೇನ್ರಿ? ಇಷ್ಟು ಬಡ್ಡಿ ಯಾವ ಬ್ಯಾಂಕ್ ಕೊಡ್ತೈತಿ ಹೇಳ್ರಿ. ಈಗ ಇನ್ನಷ್ಟು ಕೊಂಡ್ರ ಇನ್ನೂ ಜಾಸ್ತಿ ಬೀಳ್ತೈತಿ” ಎಂಬುದು ತಮ್ಮನ ವಾದ.

“ಗಂಟೇ ಕರಗಾಕತ್ತೈತಿ ಸರ್, ಇವ ಬಡ್ಡಿ ಲೆಕ್ಕಾ ಹೇಳ್ತಾನ. ಇದು ಅಪ್ಪನ ಹೊಲದ ರೊಕ್ಕ” ಎಂಬುದು ಅಕ್ಕನ ಅಳಲು.

ಮಾತು ಬೆಳೆದು ದೀಪಾವಳಿಗೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗದಷ್ಟರ ಮಟ್ಟಿಗೆ ಬಂದಿತ್ತು. ಇಬ್ಬರೂ ಬೇರೆ ಬೇರೆಯಾಗಿ ನನ್ನನ್ನು ಕೇಳಿದರು. ಷೇರು ಪೇಟೆಯ ವಿಷಯದಲ್ಲಿ ಸಲಹೆ ಕೊಡುವ ಅಧಿಕಾರ ನನಗಿಲ್ಲ. ನಾನು ಬಲ್ಲದ್ದು ಇತಿಹಾಸ. ಆದರೆ ಈ ಜಗಳ ಇತಿಹಾಸಕ್ಕೆ ಹೊಸದಲ್ಲ. ಆದ್ದರಿಂದ ಅವರಿಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಚಿಕ್ಕ ಲೆಕ್ಕ. ನೂರು ರೂಪಾಯಿಗೆ ಕೊಂಡ ಕಾಗದ ವರ್ಷಕ್ಕೆ ಹತ್ತು ರೂಪಾಯಿ ಕೊಟ್ಟರೆ ಪ್ರತಿಫಲ ಶೇಕಡಾ 10. ಅದೇ ಕಾಗದದ ಬೆಲೆ ಐವತ್ತಕ್ಕೆ ಕುಸಿದು, ಹತ್ತು ರೂಪಾಯಿ ಬರುತ್ತಲೇ ಇದ್ದರೆ, ಹೊಸದಾಗಿ ಕೊಳ್ಳುವವನಿಗೆ ಅದು ಶೇಕಡಾ 20 ಆಗಿ ಕಾಣುತ್ತದೆ. ಕಂಪನಿ ಒಂದು ಕಾಸನ್ನೂ ಹೆಚ್ಚು ಕೊಟ್ಟಿಲ್ಲ. ಕೊಳ್ಳುವವರ ನಂಬಿಕೆ ಅರ್ಧಕ್ಕೆ ಇಳಿದಿದೆ, ಅಷ್ಟೆ. ದೊಡ್ಡ ಪ್ರತಿಫಲ ಎಂಬುದು ಬಹಳ ಸಲ ಪೇಟೆಯ ಭಯದ ಇನ್ನೊಂದು ಹೆಸರು. ಆ ಭಯ ನಿಜವೂ ಆಗಿರಬಹುದು, ಹುಸಿಯೂ ಆಗಿರಬಹುದು. ಯಾವುದೆಂದು ತಿಳಿಯಲು ಬೆಲೆಯ ಪಟ್ಟಿಯನ್ನು ನೋಡುತ್ತ ಕುಳಿತರೆ ಸಾಲದು. ಆ ಹತ್ತು ರೂಪಾಯಿ ಎಲ್ಲಿಂದ ಬಂತು ಎಂದು ಕೇಳಬೇಕು. ನನಗೆ ತಿಳಿದಂತೆ ಅದು ಬರುವ ದಾರಿಗಳು ಮೂರು: ದುಡಿಮೆಯಿಂದ ಬರಬಹುದು, ಬೇರೆಯವರ ಖಜಾನೆಯಿಂದ ಬರಬಹುದು, ಇಲ್ಲವೇ ಕೊಟ್ಟವನ ಅಸಲಿನಿಂದಲೇ ಬರಬಹುದು.

ಮೂರನೆಯ ದಾರಿಯ ಕಥೆಯನ್ನು ಮೊದಲು ಹೇಳುತ್ತೇನೆ. ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಬ್ರಾಂಟೆ ಸಹೋದರಿಯರ ಪರಿಚಯವಿದೆ. ‘ಜೇನ್ ಐರ್’ ಬರೆದ ಷಾರ್ಲಟ್, ಅವಳ ತಂಗಿಯರಾದ ಎಮಿಲಿ ಮತ್ತು ಆ್ಯನ್ ಇಂಗ್ಲೆಂಡಿನ ಯಾರ್ಕ್‌ಷೈರಿನ ಬಡ ಪಾದ್ರಿಯೊಬ್ಬನ ಮಕ್ಕಳು. 1842ರಲ್ಲಿ ಅವರ ದೊಡ್ಡಮ್ಮ ತೀರಿಕೊಂಡಾಗ ಒಂದಿಷ್ಟು ಹಣ ಇವರ ಪಾಲಿಗೆ ಬಂದಿತು. ಅದನ್ನು ಅವರು ಯಾರ್ಕ್ ಅಂಡ್ ನಾರ್ತ್ ಮಿಡ್‌ಲ್ಯಾಂಡ್ ಎಂಬ ರೈಲ್ವೆ ಕಂಪನಿಯ ಷೇರುಗಳಲ್ಲಿ ಹಾಕಿದರು. ಷಾರ್ಲಟ್ ಬ್ರಸೆಲ್ಸ್‌ನಲ್ಲಿದ್ದಾಗ ಮನೆಯ ಹಣಕಾಸನ್ನು ನೋಡಿಕೊಂಡವಳು ಎಮಿಲಿ. ಆ ಕಂಪನಿಯ ಅಧ್ಯಕ್ಷ ಜಾರ್ಜ್ ಹಡ್ಸನ್. ಜನ ಅವನನ್ನು ರೈಲ್ವೆಯ ರಾಜನೆಂದೇ ಕರೆಯುತ್ತಿದ್ದರು. ಅವನ ಕಂಪನಿ ಶೇಕಡಾ 10ರ ಲಾಭಾಂಶ ಕೊಡುತ್ತಿತ್ತು.

1845ರಲ್ಲಿ ಇಂಗ್ಲೆಂಡಿನ ರೈಲ್ವೆ ಷೇರುಗಳು ತುತ್ತತುದಿಗೆ ಏರಿ, ಅಲ್ಲಿಂದ ಕೆಳಗಿಳಿಯತೊಡಗಿದವು. 1846ರ ಆರಂಭದಲ್ಲಿ ಷಾರ್ಲಟ್ ತನ್ನ ಹಳೆಯ ಉಪಾಧ್ಯಾಯಿನಿಗೆ ಬರೆದ ಪತ್ರವೊಂದು ಉಳಿದಿದೆ. ಒಳ್ಳೆಯ ಕಂಪನಿಗಳ ಷೇರುಗಳೂ ಈ ಬೆಲೆಯಲ್ಲಿ ನಿಲ್ಲಲಾರವು, ಮಾರಿ ಹಣವನ್ನು ಕಡಿಮೆ ಬಡ್ಡಿಯಾದರೂ ಭದ್ರವಾದ ಕಡೆ ಇಡುವುದು ಒಳಿತು ಎಂದು ಅವಳ ಅಭಿಪ್ರಾಯ. ಆದರೆ ತಂಗಿಯರು ಒಪ್ಪಲಿಲ್ಲ. ತಾನು ದೂರವಿದ್ದಾಗ ಇಷ್ಟು ಕಾಳಜಿಯಿಂದ ವ್ಯವಹಾರ ನೋಡಿಕೊಂಡ ಎಮಿಲಿಯ ಮನಸ್ಸು ನೋಯಿಸುವುದಕ್ಕಿಂತ ನಷ್ಟವಾದರೂ ಸರಿ ಎಂದು ಅಕ್ಕ ಸುಮ್ಮನಾದಳು.

ನಷ್ಟವಾಯಿತು. 1849ರಲ್ಲಿ ಹಡ್ಸನ್ನನ ಕಂಪನಿಗಳ ಲೆಕ್ಕವನ್ನು ಷೇರುದಾರರ ಸಮಿತಿಗಳು ತಪಾಸಣೆ ಮಾಡಿದವು. ಅವನ ಅಧೀನದಲ್ಲಿದ್ದ ಈಸ್ಟರ್ನ್ ಕೌಂಟೀಸ್ ರೈಲ್ವೆಯಲ್ಲಿ ಲಾಭಾಂಶವೆಂದು ಹಂಚಿದ ಹಣದ ಒಂದು ಭಾಗ ಲಾಭವೇ ಆಗಿರಲಿಲ್ಲ, ಬಂಡವಾಳದಿಂದ ತೆಗೆದು ಕೊಟ್ಟದ್ದಾಗಿತ್ತು. ಬಿತ್ತನೆಗೆಂದು ಕಟ್ಟಿಟ್ಟ ಭತ್ತವನ್ನು ಕುಟ್ಟಿ ಅನ್ನ ಮಾಡಿ ಬಡಿಸಿ, ಈ ವರ್ಷದ ಬೆಳೆ ಬಹಳ ಚೆನ್ನಾಗಿದೆ ಎಂದು ಹೇಳಿದ ಹಾಗೆ. ಬ್ರಾಂಟೆ ಸಹೋದರಿಯರ ಷೇರಿನ ಮೂಲ ಬೆಲೆ 50 ಪೌಂಡ್. ಅದು ಒಮ್ಮೆ 120ಕ್ಕೆ ಏರಿತ್ತು. 1849ರಲ್ಲಿ 20ಕ್ಕೆ ಬಂದು ನಿಂತಿತು. ಆ ಹೊತ್ತಿಗೆ ಎಮಿಲಿಯೂ ಇರಲಿಲ್ಲ, ಆ್ಯನ್‌ಳೂ ಇರಲಿಲ್ಲ. ಯಾರ ಮನಸ್ಸು ನೋಯಬಾರದೆಂದು ಷಾರ್ಲಟ್ ಸುಮ್ಮನಿದ್ದಳೋ ಅವರೇ ಹೋದ ಮೇಲೆ, ಹಣ ಹೋದದ್ದರ ಬಗ್ಗೆ ಅವಳು ಯಾರನ್ನೂ ದೂರಲಿಲ್ಲ.

ಇದು ದೂರದ ಊರಿನ ಕಥೆಯಾಯಿತು ಎನ್ನುವವರಿಗೆ ನಮ್ಮ ಮುಂಬಯಿ ಪ್ರಾಂತದ ಕಥೆ ಇದೆ. ಬೆಳಗಾವಿ, ಧಾರವಾಡ ಜಿಲ್ಲೆಗಳು ಆಗ ಆ ಪ್ರಾಂತಕ್ಕೆ ಸೇರಿದ್ದವು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಿತು. ಲಂಕಾಷೈರಿನ ಗಿರಣಿಗಳು ಭಾರತದ ಹತ್ತಿಯ ಕಡೆಗೆ ತಿರುಗಿದವು. ಧಾರವಾಡ ಸೀಮೆಯ ಎರೆನೆಲದಲ್ಲಿ ಬೆಳೆದ ಹತ್ತಿ ಎತ್ತಿನ ಬಂಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗಿ, ಅಲ್ಲಿಂದ ಮುಂಬಯಿಗೆ ಸಾಗುತ್ತಿತ್ತು. ಲಿವರ್‌ಪೂಲಿನ ಪೇಟೆಯಲ್ಲಿ ನಮ್ಮ ಹತ್ತಿಗೆ ಕುಮಟಾದ ಹೆಸರೇ ಬಿದ್ದಿತ್ತು. ಬೈಲಹೊಂಗಲ, ಸವದತ್ತಿಗಳ ರೈತರೂ ಆ ಬೆಲೆಯೇರಿಕೆಯ ರುಚಿಯನ್ನು ಕಂಡವರೇ.

ಹತ್ತಿಯ ಲಾಭವೆಲ್ಲ ಮುಂಬಯಿಯಲ್ಲಿ ರಾಶಿ ಬಿದ್ದು, ಹೋಗಲು ದಾರಿ ಹುಡುಕಿತು. ದಿನಕ್ಕೊಂದು ಬ್ಯಾಂಕು, ದಿನಕ್ಕೊಂದು ಕಂಪನಿ ಹುಟ್ಟಿದವು. ಅವುಗಳಲ್ಲಿ ಎಲ್ಲಕ್ಕಿಂತ ಹೆಸರು ಮಾಡಿದ್ದು 1864ರಲ್ಲಿ ಎದ್ದ ಬ್ಯಾಕ್ ಬೇ ರೆಕ್ಲಮೇಷನ್ ಕಂಪನಿ. ಸಮುದ್ರವನ್ನು ಹೂಳಿ ನೆಲ ಮಾಡಿ ಮಾರುವುದು ಅದರ ಉದ್ದೇಶ. ಇಂದಿನ ಮಾತಿನಲ್ಲಿ ಒಂದು ನಿರ್ಮಾಣ ಕಂಪನಿ. ಪ್ರೇಮಚಂದ್ ರಾಯಚಂದ್ ಅದರ ಹಿಂದಿದ್ದ ಪ್ರಮುಖರಲ್ಲಿ ಒಬ್ಬರು. 5,000 ರೂಪಾಯಿಯ ಷೇರು 50,000 ರೂಪಾಯಿಯ ಎತ್ತರಕ್ಕೆ ಏರಿತು. ಅಷ್ಟರಲ್ಲಿ ಸಮುದ್ರದಿಂದ ಎಷ್ಟು ನೆಲ ಮೇಲೆ ಬಂದಿದೆ ಎಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ.

1865ರ ಏಪ್ರಿಲ್‌ನಲ್ಲಿ ಅಮೆರಿಕದ ಯುದ್ಧ ಮುಗಿಯಿತು. ಹತ್ತಿಯ ಬೆಲೆ ಬಿದ್ದಿತು. ಜುಲೈ 1ಕ್ಕೆ ತೀರಿಸಬೇಕಾಗಿದ್ದ ವಾಯಿದೆ ವ್ಯವಹಾರಗಳನ್ನು ತೀರಿಸುವವರೇ ಇಲ್ಲವಾದರು. ಬ್ಯಾಕ್ ಬೇ ಷೇರು 2,000 ರೂಪಾಯಿಗಿಂತ ಕೆಳಗಿಳಿಯಿತು. 2,850 ರೂಪಾಯಿ ಇದ್ದ ಬ್ಯಾಂಕ್ ಆಫ್ ಬಾಂಬೆಯ ಷೇರನ್ನು 87 ರೂಪಾಯಿಗೆ ಮಾರಬೇಕಾಯಿತು. ಆ ಬ್ಯಾಂಕು 1868ರಲ್ಲಿ ಮುಚ್ಚಿತು. ಆ ಕಾಲದ ಗುರುತೊಂದು ಇಂದಿಗೂ ನಿಂತಿದೆ: ಪ್ರೇಮಚಂದರು ತಮ್ಮ ಒಳ್ಳೆಯ ದಿನಗಳಲ್ಲಿ ಕೊಟ್ಟ ದಾನದಿಂದ, ಅವರ ತಾಯಿಯ ಹೆಸರಿನಲ್ಲಿ, ಮುಂಬಯಿ ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರ ಎದ್ದಿತು. ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟುವ ಮೊದಲು ಬೆಳಗಾವಿಯ ನಮ್ಮ ಹಿರಿಯರಿಗೆ ಪದವಿ ಕೊಟ್ಟ ವಿಶ್ವವಿದ್ಯಾಲಯ ಅದೇ.

ಬ್ಯಾಕ್ ಬೇ ಕಂಪನಿಗೂ ಹಡ್ಸನ್ನನ ಕಂಪನಿಗೂ ಒಂದು ವ್ಯತ್ಯಾಸವಿದೆ. ಹಡ್ಸನ್ನನ ರೈಲುಗಳು ಓಡುತ್ತಿದ್ದವು, ಜನ ಟಿಕೇಟು ಕೊಳ್ಳುತ್ತಿದ್ದರು. ಗಳಿಕೆ ಹೇಳಿದಷ್ಟು ಇರಲಿಲ್ಲ. ಬ್ಯಾಕ್ ಬೇಯಲ್ಲಿ ಗಳಿಕೆ ಇನ್ನೂ ಹುಟ್ಟಿರಲೇ ಇಲ್ಲ. ಅಲ್ಲಿ ಒಬ್ಬನ ಲಾಭವೆಂದರೆ ಮರುದಿನ ಇನ್ನೊಬ್ಬ ಹೆಚ್ಚಿನ ಬೆಲೆಗೆ ಕೊಂಡದ್ದು ಮಾತ್ರ.

ಇನ್ನು ಖಾಸಗಿ ಕಂಪನಿಗೆ ಸರಕಾರವೇ ಬಡ್ಡಿಯ ಖಾತರಿ ಕೊಟ್ಟರೆ? ಆಗ ಚಿಂತೆ ಇಲ್ಲವಲ್ಲ ಎಂದು ತಮ್ಮ ಕೇಳಿದ. ಇಲ್ಲಿಗೆ ನಮ್ಮ ಹಳಿಯ ಕಥೆ ಬರುತ್ತದೆ.

1849ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಭಾರತದ ಮೊದಲ ರೈಲ್ವೆ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡಾಗ ಬಂಡವಾಳಕ್ಕೆ ಶೇಕಡಾ 5ರ ಬಡ್ಡಿಯ ಖಾತರಿ ಕೊಟ್ಟಿತು. ರೈಲು ಗಳಿಸದಿದ್ದರೆ ಕೊರತೆಯನ್ನು ಭಾರತದ ತೆರಿಗೆಯಿಂದ ತುಂಬಬೇಕು. ಹೀಗಾಗಿ ಕಟ್ಟುವವರಿಗೆ ಮಿತವ್ಯಯದ ಗೊಡವೆ ಇರಲಿಲ್ಲ. ಭಾರತ ಸರಕಾರದ ಹಣಕಾಸು ಸದಸ್ಯರಾಗಿದ್ದ ಮ್ಯಾಸಿ ಎಂಬುವರು ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯ ಎದುರು 1872ರಲ್ಲಿ ಇದನ್ನು ಬಿಚ್ಚಿ ಹೇಳಿದರು. ಶೇಕಡಾ 5 ಕೈಸೇರುವವರೆಗೆ, ಹಾಕಿದ ಹಣ ಹೂಗ್ಲಿ ನದಿಯ ಪಾಲಾಯಿತೋ ಇಟ್ಟಿಗೆ ಗಾರೆಯಾಯಿತೋ ಎಂಬುದು ಇಂಗ್ಲೆಂಡಿನ ಹೂಡಿಕೆದಾರನಿಗೆ ಬೇಕಾಗಿರಲಿಲ್ಲ ಎಂಬುದು ಅವರ ಮಾತಿನ ತಾತ್ಪರ್ಯ. ದಾದಾಭಾಯಿ ನವರೋಜಿ ಮತ್ತು ರಮೇಶಚಂದ್ರ ದತ್ತರು ದೇಶದ ಸಂಪತ್ತಿನ ಸೋರಿಕೆಯ ಬಗ್ಗೆ ಬರೆದಾಗ ಈ ಖಾತರಿಯ ಬಡ್ಡಿಯೂ ಅವರ ಲೆಕ್ಕದಲ್ಲಿತ್ತು.

ನಮ್ಮ ಸೀಮೆಗೆ ರೈಲು ಬಂದದ್ದು 1876ರಿಂದ 1878ರವರೆಗಿನ ಭೀಕರ ಬರಗಾಲದ ನಂತರ. ಧಾನ್ಯ ಸಾಗಿಸಲು ದಾರಿಯಿಲ್ಲದೆ ಜನ ಸತ್ತರು ಎಂಬ ಅರಿವಿನಿಂದ ಬರಪೀಡಿತ ಜಿಲ್ಲೆಗಳಿಗೆ ರೈಲು ಹಾಕುವ ಯೋಜನೆಗಳು ಹೊರಟವು. 1882ರಲ್ಲಿ ಲಂಡನ್ನಿನಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾಯಿತು. ಅದರ ಷೇರುದಾರರಿಗೂ ಖಾತರಿಯಿತ್ತು, ಆದರೆ ಹಳೆಯ ಶೇಕಡಾ 5ಕ್ಕಿಂತ ಕಡಿಮೆ. ಸರಕಾರ ಅಷ್ಟರ ಮಟ್ಟಿಗೆ ಪಾಠ ಕಲಿತಿತ್ತು. ಆ ದಶಕದ ಕೊನೆಯ ಹೊತ್ತಿಗೆ ಲೋಂಡಾ, ಖಾನಾಪುರ, ಬೆಳಗಾವಿಗಳಿಗೆ ರೈಲು ಬಂದಿತು. 1890ರ ವೇಳೆಗೆ ಪುಣೆಯವರೆಗಿನ ಮಾರ್ಗ ಕೂಡಿಕೊಂಡಿತು. ಕಂಪನಿಯ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. ಆ ಕಟ್ಟಡದಲ್ಲಿಯೇ ಮುಂದೆ ಕರ್ನಾಟಕ ಕಾಲೇಜು ನಡೆಯಿತು. ನಿಮ್ಮಲ್ಲಿ ಅಲ್ಲಿ ಓದಿದವರು ಷೇರುದಾರರ ಹಣದಿಂದ ಎದ್ದ ಗೋಡೆಗಳ ನಡುವೆಯೇ ಪಾಠ ಕೇಳಿದ್ದೀರಿ.

ಘಟ್ಟದ ಕೆಳಗಿನ ಕಥೆ ಬೇರೆ. ಅದು ಪೋರ್ಚುಗೀಸರ ಗೋವಾ. 1878ರ ಡಿಸೆಂಬರ್‌ನಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ಒಂದು ಒಪ್ಪಂದ ಮಾಡಿಕೊಂಡವು. ಎರಡು ಆಡಳಿತಗಳ ನಡುವಿನ ಸುಂಕದ ಗೋಡೆ ಹೋಗಬೇಕು, ಮರ್ಮಗೋವಾ ಬಂದರಿನಿಂದ ಘಟ್ಟದ ಮೇಲಕ್ಕೆ ರೈಲು ಬರಬೇಕು, ಗೋವಾದ ಉಪ್ಪಿನ ಉತ್ಪಾದನೆ ಮತ್ತು ವ್ಯಾಪಾರ ಬ್ರಿಟಿಷ್ ಸರಕಾರದ ಹಿಡಿತಕ್ಕೆ ಸೇರಬೇಕು. ಇದಕ್ಕೆ ಬದಲಾಗಿ ಬ್ರಿಟಿಷರು ಗೋವಾ ಸರಕಾರಕ್ಕೆ ವರ್ಷಕ್ಕೆ 4 ಲಕ್ಷ ರೂಪಾಯಿ ಕೊಡಬೇಕು. ರೈಲು ಮತ್ತು ಬಂದರನ್ನು ಕಟ್ಟಲು ಲಂಡನ್ನಿನಲ್ಲಿ ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ ಎಂಬ ಕಂಪನಿ ಹುಟ್ಟಿತು. ಷೇರುದಾರರಿಗೆ ಪೋರ್ಚುಗಲ್ ಸರಕಾರ ಶೇಕಡಾ 5ರ ಖಾತರಿ ಕೊಟ್ಟಿತು. ಬ್ರಿಟಿಷ್ ಭಾರತದ ಹೊಸ ಖಾತರಿಗಿಂತ ಇದು ಹೆಚ್ಚು. ಹೆಚ್ಚೇಕೆ ಎಂದರೆ, ಪೋರ್ಚುಗಲ್ಲಿನ ಮಾತಿನ ಮೇಲೆ ಲಂಡನ್ನಿಗೆ ಅಷ್ಟು ಕಡಿಮೆ ನಂಬಿಕೆ.

ದೂಧಸಾಗರದ ಪಕ್ಕದ ಆ ಕಡಿದಾದ ಘಟ್ಟದಲ್ಲಿ ಸುರಂಗ ಕೊರೆದು, ಸೇತುವೆ ಕಟ್ಟಿ, 1888ರಲ್ಲಿ ಕ್ಯಾಸಲ್ ರಾಕಿಗೆ ಹಳಿ ಮುಟ್ಟಿಸಿದರು. ಎಂಜಿನಿಯರುಗಳ ಸಾಹಸವನ್ನು ಮೆಚ್ಚಲೇಬೇಕು. ಆದರೆ ನಿರೀಕ್ಷಿಸಿದಷ್ಟು ಸರಕು ಬರಲಿಲ್ಲ. ಮುಂಬಯಿ ಬಂದರು ತನ್ನ ವ್ಯಾಪಾರವನ್ನು ಸುಲಭವಾಗಿ ಬಿಟ್ಟುಕೊಡಲಿಲ್ಲ. ರೈಲಿನ ಗಳಿಕೆ ಖಾತರಿಯ ಬಡ್ಡಿಗೆ ಸಾಲದೆ, ಕೊರತೆ ಗೋವಾದ ಖಜಾನೆಯ ಮೇಲೆ ಬಿದ್ದಿತು. ಉಪ್ಪನ್ನು ಬಿಟ್ಟುಕೊಟ್ಟದ್ದಕ್ಕೆ ಬಂದ 4 ಲಕ್ಷ ರೂಪಾಯಿ ರೈಲಿನ ಷೇರುದಾರರ ಬಡ್ಡಿಯ ಕಡೆಗೆ ಹರಿಯಿತು. ಅದರ ಮೇಲೆ ಇನ್ನೊಂದು ಹೊರೆ: ಬಡ್ಡಿ ಕೊಡಬೇಕಾದದ್ದು ಪೌಂಡಿನಲ್ಲಿ, ಗೋವಾದ ಆದಾಯ ರೂಪಾಯಿಯಲ್ಲಿ. ಬೆಳ್ಳಿಯ ಬೆಲೆ ಬಿದ್ದಂತೆ ರೂಪಾಯಿಯೂ ಬಿದ್ದಿತು. 1870ರ ದಶಕದ ಆರಂಭದಲ್ಲಿ ಸುಮಾರು ಎರಡು ಶಿಲ್ಲಿಂಗ್ ಬೆಲೆಯಿದ್ದ ರೂಪಾಯಿ 1892ರ ಹೊತ್ತಿಗೆ ಒಂದೂಕಾಲು ಶಿಲ್ಲಿಂಗಿನ ಆಸುಪಾಸಿಗೆ ಇಳಿದಿತ್ತು. ಅದೇ ಬಡ್ಡಿಗೆ ಹೆಚ್ಚು ಹೆಚ್ಚು ರೂಪಾಯಿ ತೆರಬೇಕಾಯಿತು.

1892ರ ಜನವರಿಯಲ್ಲಿ ಒಪ್ಪಂದದ ಅವಧಿ ಮುಗಿಯಿತು, ಅದನ್ನು ಮುಂದುವರಿಸಲಿಲ್ಲ. ಸುಂಕದ ಗೋಡೆ ಮತ್ತೆ ಎದ್ದಿತು, 4 ಲಕ್ಷ ನಿಂತಿತು, ಖಾತರಿ ಮಾತ್ರ ಉಳಿಯಿತು. ಅದೇ ವರ್ಷ ಪೋರ್ಚುಗಲ್ ದೇಶವೇ ದಿವಾಳಿಯ ಅಂಚಿಗೆ ಬಂದು, ತನ್ನ ಹೊರಸಾಲದ ಬಡ್ಡಿಯನ್ನು ಮೂರನೆಯ ಒಂದು ಭಾಗಕ್ಕೆ ಇಳಿಸಿತು. ಖಾತರಿ ಕೊಟ್ಟವನ ಮನೆಯ ಪರಿಸ್ಥಿತಿ ಹೀಗಿರುವಾಗ ಖಾತರಿಯ ಕಾಗದವನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡವನ ನಿದ್ರೆ ಹೇಗಿದ್ದೀತು ಎಂಬುದನ್ನು ನೀವೇ ಊಹಿಸಿ. ಘಟ್ಟದ ಕೆಳಗಿನ ಆ ಹಳಿಯ ನಿರ್ವಹಣೆಯನ್ನೂ 20ನೆಯ ಶತಮಾನದ ಆರಂಭದಲ್ಲಿ ಸದರ್ನ್ ಮರಾಠಾ ಕಂಪನಿಯೇ ವಹಿಸಿಕೊಂಡಿತು. 1908ರಲ್ಲಿ ಅದು ಮದ್ರಾಸ್ ರೈಲ್ವೆಯ ಜೊತೆ ಸೇರಿತು, 1944ರಲ್ಲಿ ಸರಕಾರ ಅದನ್ನು ವಹಿಸಿಕೊಂಡಿತು. ಕಂಪನಿಗಳು ಹೋದವು, ಷೇರುಗಳು ಹೋದವು, ಹಳಿ ಮಾತ್ರ ಉಳಿಯಿತು.

ಈಗ ಹಳಿಯನ್ನು ಬಿಟ್ಟು ರಸ್ತೆಗೆ ಬರೋಣ. ಬೆಳಗಾವಿಯಿಂದ ಹೊರಡುವ ಎರಡು ಹೆದ್ದಾರಿಗಳು ಈ ಹಳೆಯ ಪಾಠದ ಎರಡು ಹೊಸ ಉದಾಹರಣೆಗಳು. ಧಾರವಾಡದ ಕಡೆಗೆ ಹೋದರೆ ಹಿರೇಬಾಗೇವಾಡಿಯಲ್ಲಿ ಟೋಲ್ ನಾಕೆ ಸಿಗುತ್ತದೆ. ಆ ಷಟ್ಪಥದ ಕೆಲಸವನ್ನು ಅಶೋಕ ಬಿಲ್ಡ್‌ಕಾನ್ ಎಂಬ ಕಂಪನಿಯ ಅಂಗಸಂಸ್ಥೆ ವಹಿಸಿಕೊಂಡದ್ದು ಟೋಲ್ ಆಧಾರದ ಮೇಲೆ: ಕಂಪನಿ ತನ್ನ ಹಣ ಹಾಕಿ ಕಟ್ಟಬೇಕು, ನಿಗದಿಯಾದ ವರ್ಷಗಳವರೆಗೆ ಟೋಲ್ ವಸೂಲಿ ಮಾಡಿಕೊಳ್ಳಬೇಕು, ವಾಹನ ಕಡಿಮೆಯಾದರೆ ನಷ್ಟ ಅದರದೇ. ಖಾನಾಪುರದ ಕಡೆಗಿನ ಚತುಷ್ಪಥವನ್ನು ಅದೇ ಸಮೂಹ 2018ರಲ್ಲಿ ಪಡೆದದ್ದು ಬೇರೆ ಪದ್ಧತಿಯಲ್ಲಿ. ಕೇಂದ್ರ ಸರಕಾರ 2016ರಲ್ಲಿ ಒಪ್ಪಿದ ಈ ಮಿಶ್ರ ಪದ್ಧತಿಯಲ್ಲಿ ವೆಚ್ಚದ ಶೇಕಡಾ 40ನ್ನು ಕಟ್ಟುವಾಗಲೇ ಹೆದ್ದಾರಿ ಪ್ರಾಧಿಕಾರ ಕೊಡುತ್ತದೆ, ಉಳಿದ 60ನ್ನು ಮುಂದೆ 15 ವರ್ಷ ಕಂತುಗಳಲ್ಲಿ ತೀರಿಸುತ್ತದೆ. ಟೋಲ್ ಪ್ರಾಧಿಕಾರಕ್ಕೆ ಸೇರುತ್ತದೆ. ಆದ್ದರಿಂದ ಗಣೇಬೈಲ ನಾಕೆಯಲ್ಲಿ ವಾಹನ ಕಡಿಮೆಯಾದರೂ ಹೆಚ್ಚಾದರೂ ಕಟ್ಟಿದ ಕಂಪನಿಗೆ ಬರುವುದು ಬಂದೇ ಬರುತ್ತದೆ. ಮೊದಲನೆಯದರಲ್ಲಿ ಹಣ ದುಡಿಮೆಯಿಂದ ಬರುತ್ತದೆ, ಎರಡನೆಯದರಲ್ಲಿ ಖಜಾನೆಯಿಂದ. ಎರಡೂ ರಸ್ತೆ ನೋಡುವವನ ಕಣ್ಣಿಗೆ ಒಂದೇ ಡಾಂಬರು.

ಜನಸಾಮಾನ್ಯರು ರಸ್ತೆಯಲ್ಲಿ ಹಣ ಹೂಡಲು ಇರುವ ಇನ್ನೊಂದು ದಾರಿ ಮೂಲಸೌಕರ್ಯ ಹೂಡಿಕೆ ಟ್ರಸ್ಟ್; ಪೇಟೆಯಲ್ಲಿ ಇದನ್ನು ಇನ್ವಿಟ್ ಎನ್ನುತ್ತಾರೆ. 2014ರಲ್ಲಿ ಸೆಬಿ ಇದರ ನಿಯಮಗಳನ್ನು ಮಾಡಿತು. ಕೈಗೆ ಬಂದ ಹಂಚಬಹುದಾದ ಹಣದಲ್ಲಿ ಶೇಕಡಾ 90ನ್ನು ಯೂನಿಟ್ ಹೊಂದಿದವರಿಗೆ ಹಂಚಲೇಬೇಕು ಎಂಬುದು ಅದರ ಮುಖ್ಯ ನಿಯಮ. ಪ್ರತಿಫಲ ದೊಡ್ಡದಾಗಿ ಕಾಣುವುದಕ್ಕೆ ಇದೇ ಕಾರಣ. ಸಾರ್ವಜನಿಕರಿಗೆ ಯೂನಿಟ್ ಮಾರಿದ ಮೊದಲ ಟ್ರಸ್ಟ್ ಐಆರ್‌ಬಿ ಇನ್ವಿಟ್ ಫಂಡ್. 2017ರ ಮೇ ತಿಂಗಳಲ್ಲಿ ಯೂನಿಟ್ಟಿಗೆ 102 ರೂಪಾಯಿಯಂತೆ ಮಾರಾಟವಾಯಿತು. ಅದರ ರಸ್ತೆಗಳಲ್ಲಿ ತುಮಕೂರು–ಚಿತ್ರದುರ್ಗದ 114 ಕಿಲೋಮೀಟರ್ ಕೂಡ ಒಂದು. ಬೆಳಗಾವಿಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಹೋದ ನೀವೆಲ್ಲರೂ ಅಲ್ಲಿ ಟೋಲ್ ಕೊಟ್ಟವರೇ.

ಮೊದಲ ಮೂರು ಹಣಕಾಸು ವರ್ಷಗಳಲ್ಲಿ ಆ ಟ್ರಸ್ಟ್ ಯೂನಿಟ್ಟಿಗೆ ವರ್ಷಕ್ಕೆ 10ರಿಂದ 12 ರೂಪಾಯಿಯ ಆಸುಪಾಸಿನಲ್ಲಿ ಹಂಚಿತು. ಆದರೆ ಬೆಲೆ ಇಳಿಯುತ್ತಲೇ ಹೋಯಿತು. 2020ರ ಮಾರ್ಚ್‌ನಲ್ಲಿ, ಕೋವಿಡ್‌ನಿಂದ ಪೇಟೆಗಳೆಲ್ಲ ಕುಸಿದಾಗ, 30 ರೂಪಾಯಿಗಿಂತಲೂ ಕೆಳಗೆ ಬಂದಿತು. ಆ ತಿಂಗಳ ಕೊನೆಯಿಂದ ಏಪ್ರಿಲ್ 19ರವರೆಗೆ ದೇಶದ ಹೆದ್ದಾರಿಗಳಲ್ಲಿ ಟೋಲ್ ವಸೂಲಿಯೇ ನಿಂತಿತ್ತು. ಅಂದು 30ಕ್ಕೆ ಕೊಂಡವನಿಗೆ, ಹತ್ತು ರೂಪಾಯಿ ಬಂದರೆ, ಪ್ರತಿಫಲ ಶೇಕಡಾ 33 ಎಂದು ಪಟ್ಟಿ ತೋರಿಸುತ್ತಿತ್ತು. 102 ಕೊಟ್ಟವನ ಲೆಕ್ಕ ಬೇರೆ: ಮೂರು ವರ್ಷದಲ್ಲಿ ಕೈಗೆ ಬಂದದ್ದು ಮೂವತ್ತಕ್ಕೆ ಸ್ವಲ್ಪ ಮೇಲೆ, ಉಳಿದ ಬೆಲೆ ಮೂವತ್ತಕ್ಕೆ ಸ್ವಲ್ಪ ಕೆಳಗೆ, ಎರಡೂ ಕೂಡಿದರೆ ಅರವತ್ತರ ಹತ್ತಿರ. ನಂತರದ ವರ್ಷಗಳಲ್ಲಿ ಬೆಲೆ ಚೇತರಿಸಿಕೊಂಡು 50 ದಾಟಿತು, ಹಂಚಿಕೆಯೂ ಮುಂದುವರಿಯಿತು. ತಾಳಿಕೊಂಡವರು ತಾಳಿದ್ದಕ್ಕೂ, ಭಯದಲ್ಲಿ ಮಾರಿದವರು ಮಾರಿದ್ದಕ್ಕೂ ಅವರವರ ಕಾರಣಗಳಿದ್ದವು.

ಇಲ್ಲಿ ಗಮನಿಸಬೇಕಾದ ಮಾತು ಎರಡು. ಟೋಲ್ ಹಕ್ಕು ಹೊಲದಂತೆ ಶಾಶ್ವತವಲ್ಲ, ಗುತ್ತಿಗೆಯಂತೆ ಅವಧಿಯುಳ್ಳದ್ದು. ತುಮಕೂರು–ಚಿತ್ರದುರ್ಗದ ಗುತ್ತಿಗೆ 2011ರಿಂದ 26 ವರ್ಷದ್ದು. ಅವಧಿ ಮುಗಿದ ದಿನ ರಸ್ತೆ ಸರಕಾರಕ್ಕೆ ಮರಳುತ್ತದೆ, ಯೂನಿಟ್ ಹಿಡಿದವನಿಗೆ ಆ ರಸ್ತೆಯಿಂದ ಮತ್ತೇನೂ ಬರುವುದಿಲ್ಲ. ಆದ್ದರಿಂದ ವರ್ಷ ಕಳೆದಂತೆ ಬೆಲೆ ಸ್ವಲ್ಪ ಇಳಿಯುವುದು ಸಹಜ. ಎರಡನೆಯದು, ಹಂಚಿದ ಹಣವೆಲ್ಲ ಬಡ್ಡಿಯಲ್ಲ. ಟ್ರಸ್ಟುಗಳು ಕಳುಹಿಸುವ ಚೀಟಿಯಲ್ಲಿ ಬಡ್ಡಿ ಎಷ್ಟು, ಲಾಭಾಂಶ ಎಷ್ಟು, ಬಂಡವಾಳದ ಮರುಪಾವತಿ ಎಷ್ಟು ಎಂದು ಬೇರೆ ಬೇರೆಯಾಗಿ ಬರೆದಿರುತ್ತದೆ. ಕೊನೆಯದು ನಿಮ್ಮ ಅಸಲೇ ನಿಮಗೆ ಮರಳಿ ಬಂದದ್ದು. ಹಡ್ಸನ್ ಇದನ್ನು ಮುಚ್ಚಿಟ್ಟು ಮಾಡಿದ. ಇಂದಿನ ನಿಯಮ ಇದನ್ನು ಬರೆದೇ ಕೊಡಬೇಕೆನ್ನುತ್ತದೆ. ಆದರೆ ಬರೆದದ್ದನ್ನು ಓದದವನಿಗೆ ಎರಡರ ನಡುವೆ ವ್ಯತ್ಯಾಸವೇನು?

ಅಕ್ಕ ತಮ್ಮಂದಿರಿಗೆ ನಾನು ಹೇಳಿದ್ದು ಇಷ್ಟೇ: ಆ ಚೀಟಿಗಳನ್ನೆಲ್ಲ ಹೊರಗೆ ತೆಗೆಯಿರಿ, ಬಡ್ಡಿ ಮತ್ತು ಅಸಲಿನ ಎರಡು ಖಾನೆ ಮಾಡಿ ಕೂಡಿಸಿರಿ. ರಸ್ತೆಯ ಗುತ್ತಿಗೆ ಎಷ್ಟು ವರ್ಷ ಉಳಿದಿದೆ ನೋಡಿರಿ. ಮೇಲೆ ಸಾಲವೆಷ್ಟಿದೆ ನೋಡಿರಿ. ಸಾಲಗಾರನಿಗೆ ಕೊಟ್ಟು ಉಳಿದದ್ದು ಮಾತ್ರ ನಿಮ್ಮದು. ಲೆಕ್ಕ ಮಾಡಿದಾಗ ಇಬ್ಬರ ಮಾತಿನಲ್ಲಿಯೂ ಅರ್ಧ ಸತ್ಯವಿರುವುದು ಕಂಡಿತು. ತಮ್ಮ ಬಡ್ಡಿಯೆಂದು ಎಣಿಸಿ ಖರ್ಚು ಮಾಡಿದ್ದರಲ್ಲಿ ಅಸಲಿನ ಪಾಲೂ ಇತ್ತು. ಅಕ್ಕ ನಷ್ಟವೆಂದು ಕೊರಗಿದ್ದರಲ್ಲಿ ಆಗಲೇ ಕೈಸೇರಿದ ಹಣವೂ ಇತ್ತು. ಮಾರುವುದೋ ಇಟ್ಟುಕೊಳ್ಳುವುದೋ ಎಂಬ ತೀರ್ಮಾನ ಅವರದು. ಅದನ್ನು ನಾನು ಕೇಳಿಲ್ಲ, ಅವರೂ ಹೇಳಿಲ್ಲ. ಇಬ್ಬರೂ ಒಂದೇ ಕಾಗದವನ್ನು ನೋಡುತ್ತ ಕುಳಿತರು ಎಂಬುದೇ ನನಗೆ ಸಾಕಾಯಿತು.

ಒಬ್ಬ ಇತಿಹಾಸದ ಮೇಷ್ಟ್ರಾಗಿ ನನಗೆ ಇದರಲ್ಲಿ ಇನ್ನೊಂದು ಪ್ರಶ್ನೆಯೂ ಇದೆ. ಬಡ್ಡಿ ಎಲ್ಲಿಂದ ಬಂತು ಎಂದು ಕೇಳುವುದು ಕೇವಲ ನಮ್ಮ ಗಂಟಿನ ಭದ್ರತೆಗಾಗಿ ಅಲ್ಲ. ಲಂಡನ್ನಿನ ಆ ಮುದುಕಿಗೆ ತನ್ನ ಶೇಕಡಾ 5ರಲ್ಲಿ ಗೋವಾದ ಉಪ್ಪಿನ ಗದ್ದೆಗಳ ಪಾಲಿದೆ ಎಂದು ಗೊತ್ತಿರಲಿಲ್ಲ. ಅವಳು ಕೆಟ್ಟವಳೇನೂ ಆಗಿರಲಿಕ್ಕಿಲ್ಲ, ಕೇಳಲಿಲ್ಲ, ಅಷ್ಟೆ. ಇಂದು ಟೋಲ್ ಕೊಡುವವರೂ ನಾವೇ, ತೆರಿಗೆ ಕೊಡುವವರೂ ನಾವೇ, ಹೊಲ ಬಿಟ್ಟುಕೊಟ್ಟವರೂ ನಾವೇ, ಯೂನಿಟ್ ಹಿಡಿದು ಕಾಯುವವರೂ ನಮ್ಮವರೇ. ಹಾಗಿರುವಾಗ ನಾವು ಕೇಳದಿದ್ದರೆ ಕೇಳುವವರು ಬೇರೆ ಯಾರೂ ಇಲ್ಲ. ನಿಮ್ಮ ಮನೆಯಲ್ಲಿಯೂ ಇಂಥ ಕಾಗದಗಳಿದ್ದರೆ ಈ ಭಾನುವಾರ ಒಮ್ಮೆ ತೆಗೆದು ಓದಿರಿ. ಮನೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿರಿ.